ಪದ್ಮಿನಿಯ ಸ್ಟೀರಿಂಗ್ ಬಿಗಿಯಾಗಿದೆ: ಬಾಕ್ಸ್ ಬದಲಿಸಲೇಬೇಕೆ?

ಪ್ರಶ್ನೆ: ತಂದೆಯವರ ಕಾಲದ 1986ರ ಪ್ರೀಮಿಯರ್ ಪದ್ಮಿನಿ ನನ್ನಲ್ಲಿದೆ. ಸ್ಟೀರಿಂಗ್ ಬಾಕ್ಸ್‌ನಿಂದ ಎಣ್ಣೆ ಸೋರುತ್ತಿತ್ತು, ಸ್ಟೀರಿಂಗ್ ಚಕ್ರ ಹಿಡಿದು ಅಲುಗಿಸಿದರೆ ಮೇಲೆ ಕೆಳಗೆ ಆಡುತ್ತಿತ್ತು. ಏಪ್ರಿಲ್‌ನಲ್ಲಿ ಮಂಗಳೂರಿನ ಒಂದು ಗ್ಯಾರೇಜಿನಲ್ಲಿ ಬಾಕ್ಸ್‌ನ ಕೆಳಗಿನ ಆಯಿಲ್ ಸೀಲನ್ನೂ ಕಾಲಂನ (ಸ್ಟೀರಿಂಗ್ ಚಕ್ರದಿಂದ ಬಾಕ್ಸ್‌ಗೆ ಇಳಿಯುವ ಶಾಫ್ಟ್ ಮತ್ತು ಅದರ ಕೊಳವೆ) ಮೇಲಿನ ಬುಷ್ಷನ್ನೂ (ಶಾಫ್ಟ್ ಆಡದಂತೆ ಹಿಡಿಯುವ ಬಳೆ) ಬದಲಿಸಿದರು. ಬುಷ್ ಅಂಗಡಿಯಲ್ಲಿ ಸಿಗದ್ದರಿಂದ ಲೇತ್‌ನಲ್ಲಿ ನೈಲಾನಿನದು ಮಾಡಿಸಿದರು. ಅಂದಿನಿಂದ ಗಾಡಿ ನೇರ ಹೋಗುವಾಗ ಸ್ಟೀರಿಂಗ್ ಚಕ್ರ ಎಡಕ್ಕೆ ವಾಲಿರುತ್ತದೆ; ಎಡಕ್ಕೆ ಪೂರ್ತಿ ತಿರುಗಿಸಿದರೆ ಹಾರ್ನ್ ತಾನಾಗಿ ಕೂಗುತ್ತದೆ; ಎರಡರಿಂದ ಮೂರನೇ ಗೇರಿಗೆ ಹಾಕುವಾಗ ತಡೆಯುತ್ತದೆ. ಜೂನ್ ಕಳೆಯುವಷ್ಟರಲ್ಲಿ ಸ್ಟೀರಿಂಗ್ ಎಷ್ಟು ಬಿಗಿಯಾಯಿತೆಂದರೆ ತಿರುವು ದಾಟಿದ ಮೇಲೆ ನಾನೇ ಎಳೆದು ನೇರ ಮಾಡಬೇಕು. ಮೆಕ್ಯಾನಿಕ್ ಬಾಕ್ಸ್ ಮೇಲಿನ ಸ್ಕ್ರೂ ಸಡಿಲಿಸಿ ನೋಡಿದರು. ಬಿಗಿ ಹೋಗಲಿಲ್ಲ, ಅದರ ಜೊತೆಗೆ ಈಗ ನೇರದಲ್ಲಿ ಪ್ಲೇ (ಗಾಲಿ ತಿರುಗದೆ ಚಕ್ರ ಮಾತ್ರ ಆಡುವ ಸಡಿಲ) ಕೂಡ ಬಂದಿದೆ. ಬಾಕ್ಸನ್ನೇ ಬದಲಿಸಬೇಕು ಎನ್ನುತ್ತಾರೆ. ಮುಂಬೈಯಿಂದ ಹಳೆಯ ಬಾಕ್ಸ್ ತರಿಸಲೇ? ದೀಪಾವಳಿಯ ಹೊತ್ತಿಗೆ ಆಗುಂಬೆ ಹತ್ತಿ ಶೃಂಗೇರಿಗೆ ಹೋಗಿಬರುವ ಆಸೆ ಇದೆ.
— ಓದುಗರು, ಕಾಪು

ಉತ್ತರ: ತರಿಸಬೇಡಿ. ನಿಮ್ಮ ಪತ್ರದಲ್ಲಿ ಬಾಕ್ಸ್ ಕೆಟ್ಟಿದೆ ಎನ್ನುವುದಕ್ಕೆ ಒಂದು ಸಾಕ್ಷಿಯೂ ಇಲ್ಲ. ಬಿಚ್ಚಿದ್ದನ್ನು ಮರಳಿ ಜೋಡಿಸಿದ ರೀತಿ ಸರಿಯಿಲ್ಲ ಎನ್ನುವುದಕ್ಕೆ ಮಾತ್ರ ಬೇಕಾದಷ್ಟು ಸಾಕ್ಷಿಗಳಿವೆ. ರಿಪೇರಿಗೆ ಮೊದಲು ಇಲ್ಲದ ನಾಲ್ಕು ತೊಂದರೆಗಳು ರಿಪೇರಿಯ ಬೆನ್ನಿಗೇ ಬಂದಿವೆ. ಗೇರ್ ತಡೆಯುವುದಕ್ಕೂ ಹಾರ್ನ್ ಕೂಗುವುದಕ್ಕೂ ಬಾಕ್ಸ್‌ಗೂ ಯಾವ ಸಂಬಂಧವೂ ಇಲ್ಲ. ಅವೆರಡೂ ಇರುವುದು ಕಾಲಂನಲ್ಲಿ. ಹಾಗಾಗಿ ಕಾಲಂನಿಂದಲೇ ಹೊರಡೋಣ. ಸರಿಯಾಗುವವರೆಗೆ ಗಾಡಿಯನ್ನು ಹೆದ್ದಾರಿಗೆ ತೆಗೆಯಬೇಡಿ. ತಾನಾಗಿ ನೇರಕ್ಕೆ ಬಾರದ ಸ್ಟೀರಿಂಗ್ ಪೇಟೆಯೊಳಗೆ ತೋಳಿಗೆ ನೋವು ಕೊಡುತ್ತದೆ ಅಷ್ಟೇ. ಪಡುಬಿದ್ರಿ ಕಡೆಯ 66ರಲ್ಲಿ ಎಪ್ಪತ್ತರ ವೇಗದಲ್ಲಿ ಬಸ್ಸೊಂದು ಮೈಮೇಲೆ ಬಂದಾಗ ಅದೇ ಸ್ಟೀರಿಂಗ್ ಪ್ರಾಣಕ್ಕೆ ಎರವಾಗುತ್ತದೆ.

ಮೊದಲು ಈ ಗಾಡಿಯ ರಚನೆಯ ಬಗ್ಗೆ ಎರಡು ಮಾತು. ಪದ್ಮಿನಿ ಎಂದರೆ ಇಟಲಿಯ ಫಿಯೆಟ್ 1100 ಡಿ. ಬೊಂಬಾಯಿಯ ಕುರ್ಲಾದಲ್ಲಿ 1964ರಿಂದ ತಯಾರಾಯಿತು, ಎಪ್ಪತ್ತರ ದಶಕದಲ್ಲಿ ಹೆಸರು ಬದಲಾಯಿತು, ಒಳಗಿನ ಯಂತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಅಂಬಾಸಡರ್‌ನಲ್ಲಿ ಇರುವುದು ರ್‍ಯಾಕ್ ಮತ್ತು ಪಿನಿಯನ್, ಅಂದರೆ ಹಲ್ಲಿನ ಪಟ್ಟಿ ಮತ್ತು ಅದನ್ನು ಸರಿಸುವ ಸಣ್ಣ ಗೇರು; ಇದರಲ್ಲಿ ಅದಿಲ್ಲ. ಚಕ್ರ ತಿರುಗಿದಾಗ ಬಾಕ್ಸ್ ಒಳಗೆ ಕಾಲಂನ ತುದಿಯಲ್ಲಿರುವ ವರ್ಮ್ (ಸ್ಕ್ರೂನಂತೆ ಸುರುಳಿ ಹಲ್ಲಿನ ಗೇರು) ತಿರುಗುತ್ತದೆ, ವರ್ಮ್ ಅಡ್ಡ ಶಾಫ್ಟನ್ನು ಹೊರಳಿಸುತ್ತದೆ, ಆ ಶಾಫ್ಟಿನ ತುದಿಗೆ ಕಚ್ಚಿಸಿದ ಡ್ರಾಪ್ ಆರ್ಮ್ ರಾಡುಗಳನ್ನು ಅತ್ತಿತ್ತ ತಳ್ಳುತ್ತದೆ. ಎದುರು ಬದಿಯಲ್ಲಿ ಐಡ್ಲರ್ ಆರ್ಮ್ ಅದಕ್ಕೆ ಜೊತೆ ಕೊಡುತ್ತದೆ. ಇಂದಿನ ಕಾರುಗಳಲ್ಲಿ ಕಾಲಂನ ನಡುವೆ ಯುನಿವರ್ಸಲ್ ಜಾಯಿಂಟ್ ಇರುತ್ತದೆ, ಮೇಲೆ ಕೆಳಗೆ ತುಸು ಓರೆಯಾದರೂ ಅದು ನುಂಗಿಕೊಳ್ಳುತ್ತದೆ. ಪದ್ಮಿನಿಯಲ್ಲಿ ಅದಿಲ್ಲ. ಬಾಕ್ಸ್ ಯಾವ ದಿಕ್ಕಿಗೆ ಮುಖ ಮಾಡಿದೆಯೋ ಕಾಲಂ ಅದೇ ದಿಕ್ಕಿನಲ್ಲಿ ಬಂದು ಡ್ಯಾಶ್‌ಬೋರ್ಡಿನ ಕೆಳಗಿನ ಬ್ರಾಕೆಟ್ಟಿಗೆ ಸಿಗಬೇಕು. ಬ್ರಾಕೆಟ್ಟಿಗೆ ಸಿಗಲೆಂದು ಕಾಲಂನ್ನು ಎಳೆದು ತಂದು ಬೋಲ್ಟ್ ಬಿಗಿದರೆ ಶಾಫ್ಟ್ ಒಳಗೇ ಬಾಗಿ ನಿಲ್ಲುತ್ತದೆ, ಮೇಲಿನ ಬುಷ್ಷಿನ ಒಂದು ಮಗ್ಗುಲಿಗೆ ಒರಗಿಕೊಂಡೇ ತಿರುಗುತ್ತದೆ.

ಗೇರ್ ತಡೆಯುವುದನ್ನು ನಾನು ದೊಡ್ಡ ಸುಳಿವು ಎಂದುಕೊಳ್ಳುವುದು ಇದಕ್ಕೇ. ನಿಮ್ಮ ಗಾಡಿಯಲ್ಲಿ ಗೇರಿನ ಹಿಡಿ ಕಾಲಂಗೇ ಅಂಟಿಕೊಂಡಿದೆ, ಅದರ ರಾಡು ಕಾಲಂನ ಪಕ್ಕದಲ್ಲೇ ಇಳಿದು ಬಾನೆಟ್ಟಿನೊಳಗೆ ಹೋಗುತ್ತದೆ. ಗೇರ್ ಬಾಕ್ಸನ್ನು ಯಾರೂ ಮುಟ್ಟಿಲ್ಲ, ಆದರೂ ಗೇರ್ ತಡೆಯುತ್ತಿದೆ. ಎಂದರೆ ಕಾಲಂ ತನ್ನ ಹಳೆಯ ಜಾಗದಲ್ಲಿ ಇಲ್ಲ.

ಆದರೆ ಇದೊಂದೇ ಕಾರಣವಾಗಿದ್ದರೆ ಏಪ್ರಿಲ್‌ನಲ್ಲೇ ಇಷ್ಟೇ ಬಿಗಿ ಇರಬೇಕಿತ್ತು. ನೀವು ಹೇಳುವುದು ಜೂನ್ ಎಂದು. ಏಪ್ರಿಲ್‌ಗೂ ಜೂನ್‌ಗೂ ನಮ್ಮ ಕರಾವಳಿಯಲ್ಲಿ ಇರುವ ವ್ಯತ್ಯಾಸ ಒಂದೇ, ಮಳೆ. ನಿಮ್ಮ ಬುಷ್ ನೈಲಾನಿನದು, ನೈಲಾನ್ ನೀರು ಕುಡಿಯುತ್ತದೆ. ಮಾಮೂಲಿ ನೈಲಾನ್ 6 ನೀರಲ್ಲಿ ನೆನೆದು ತಣಿದರೆ ತನ್ನ ತೂಕದ ಶೇ 9ರಷ್ಟು ನೀರು ಹಿಡಿಯಬಲ್ಲದು. ಮಳೆಗಾಲದ ಗಾಳಿಯ ತೇವದಿಂದಲೇ ಸಾಕಷ್ಟನ್ನು ಎಳೆದುಕೊಳ್ಳುತ್ತದೆ. ಕುಡಿದಷ್ಟೂ ಉಬ್ಬುತ್ತದೆ. ಹೊರಗೆ ಕಬ್ಬಿಣದ ಕೊಳವೆ ಇರುವುದರಿಂದ ಹೊರಕ್ಕೆ ಉಬ್ಬಲು ಜಾಗವಿಲ್ಲ, ಒಳಗಿನ ತೂತು ಕಿರಿದಾಗುತ್ತದೆ. ಬೇಸಿಗೆಯಲ್ಲಿ ಲೇತ್‌ನವರು ‘ಒಂದಿಷ್ಟೂ ಆಡಬಾರದು’ ಎಂದು ಕೂದಲೆಳೆಯಷ್ಟೇ ಸಂದು ಬಿಟ್ಟು ಕಡೆದ ಬುಷ್ ಆಟಿ ತಿಂಗಳಲ್ಲಿ ಶಾಫ್ಟಿನ ಕುತ್ತಿಗೆ ಹಿಡಿಯುತ್ತದೆ. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಸುರಿಯುವ ನಮ್ಮೂರಿನಲ್ಲಿ ಒಣ ಊರಿನ ಲೆಕ್ಕದ ಬುಷ್ ನಡೆಯುವುದಿಲ್ಲ.

ಇದಕ್ಕೆ ಡೆಲ್ರಿನ್ ಎಂಬ ಪ್ಲಾಸ್ಟಿಕ್ಕಿನ ದಂಡ ತರಿಸಿ ಬುಷ್ ಕಡೆಸಿ. ನೋಡಲು ನೈಲಾನಿನಂತೆಯೇ ಇರುತ್ತದೆ, ಆದರೆ ನೀರು ಹಿಡಿಯುವುದು ಶೇ 1ರೊಳಗೆ. ಬೈಕಂಪಾಡಿಯ ಕೈಗಾರಿಕಾ ಪ್ರದೇಶದ ಅಥವಾ ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದ ಲೇತ್‌ನವರಿಗೆ ಹೆಸರು ಹೇಳಿದರೆ ಸಾಕು, ಗೊತ್ತಾಗುತ್ತದೆ. ಹಿತ್ತಾಳೆ ಬೇಡವೇ ಎಂದು ಕೆಲವರು ಕೇಳುತ್ತಾರೆ. ಹಿತ್ತಾಳೆ ಉಬ್ಬುವುದಿಲ್ಲ ನಿಜ. ಆದರೆ ಗ್ರೀಸ್ ಒಣಗಿದ ದಿನ ಕಿರುಗುಡಲು ಶುರುಮಾಡುತ್ತದೆ, ರಸ್ತೆಯ ಪ್ರತಿ ನಡುಕವನ್ನೂ ಕೈಗೆ ತಲುಪಿಸುತ್ತದೆ. ನನ್ನ ಓಟು ಡೆಲ್ರಿನ್‌ಗೆ. ಅಳತೆಗೆ ಹಳೆಯ ಬುಷ್ ಕೊಡಬೇಡಿ, ಅದು ಸವೆದಿರುತ್ತದೆ. ಶಾಫ್ಟಿನ ಹೊರಸುತ್ತನ್ನೂ ಕೊಳವೆಯ ಒಳಸುತ್ತನ್ನೂ ವರ್ನಿಯರ್ ಹಿಡಿದು ಅಳೆದು ಬರೆದುಕೊಡಿ. ಕೊಳವೆಯ ಒಳಗೆ ತುಕ್ಕಿನ ಹಕ್ಕಳೆ ಇದ್ದರೆ ಅಳೆಯುವ ಮೊದಲು ಉಜ್ಜಿ ತೆಗೆಯಿರಿ.

ಇನ್ನು ಚಕ್ರ ಎಡಕ್ಕೆ ವಾಲಿರುವ ವಿಷಯ. ನಿಮ್ಮ ಮೆಕ್ಯಾನಿಕ್ ಇದನ್ನು ಹೇಳಿಲ್ಲ, ಆದರೆ ಅವರು ಡ್ರಾಪ್ ಆರ್ಮ್ ಬಿಚ್ಚಿದ್ದಾರೆ. ಬಾಕ್ಸ್‌ನ ಕೆಳಗಿನ ಆಯಿಲ್ ಸೀಲ್ ಇರುವುದೇ ಡ್ರಾಪ್ ಆರ್ಮಿನ ಹಿಂದೆ; ಅದನ್ನು ಕೀಳದೆ ಸೀಲ್ ಬದಲಿಸಲು ಬರುವುದಿಲ್ಲ. ಆರ್ಮ್ ಶಾಫ್ಟಿನ ಹಲ್ಲುಗಳ ಮೇಲೆ ಕೂರುತ್ತದೆ. ಕೀಳುವ ಮೊದಲು ಶಾಫ್ಟಿಗೂ ಆರ್ಮಿಗೂ ಸೇರಿಸಿ ಒಂದು ಗೆರೆ ಎಳೆದಿಟ್ಟುಕೊಳ್ಳದಿದ್ದರೆ ಮರಳಿ ಕೂರಿಸುವಾಗ ಒಂದು ಹಲ್ಲು ಆಚೀಚೆ ಆಗುವುದು ಬಹಳ ಸುಲಭ.

ಒಂದು ಹಲ್ಲು ತಪ್ಪಿದರೆ ಏನಾಗುತ್ತದೆ? ವರ್ಮ್ ಬಾಕ್ಸ್‌ಗೆ ತನ್ನದೇ ಆದ ಒಂದು ನಡು ಇರುತ್ತದೆ. ಆ ನಡುವಿನಲ್ಲಿ ಹಲ್ಲುಗಳ ಹಿಡಿತ ಹೆಚ್ಚು ಬಿಗಿ, ಎರಡು ಬದಿಗೆ ಹೋದಂತೆ ಸಡಿಲ. ಗಾಡಿ ನೇರ ಹೋಗುವಾಗ ಬಾಕ್ಸ್ ತನ್ನ ನಡುವಿನಲ್ಲೇ ಇರಬೇಕು. ಆರ್ಮ್ ತಪ್ಪಿ ಕೂತರೆ ಗಾಲಿಗಳು ನೇರ ಇದ್ದಾಗ ಬಾಕ್ಸ್ ನಡುವಿನಿಂದ ಸರಿದಿರುತ್ತದೆ. ನೇರದಲ್ಲಿ ಪ್ಲೇ ಕಾಣುತ್ತದೆ, ಒಂದು ಬದಿಗೆ ತಿರುಗಿಸುವಾಗ ಬಿಗಿ ಸಿಗುತ್ತದೆ. ನಿಮ್ಮ ಪ್ಲೇಗೆ ಸ್ಕ್ರೂ ಸಡಿಲಿಸಿದ್ದು ಒಂದು ಕಾರಣವಾದರೆ, ಇದು ಇನ್ನೊಂದು ಆಗಿರಬಹುದು.

ತಪ್ಪಿರುವುದು ಆರ್ಮೋ ಅಥವಾ ಬರೀ ಸ್ಟೀರಿಂಗ್ ಚಕ್ರವೋ ಎಂದು ತಿಳಿಯಲು ಖರ್ಚಿಲ್ಲದ ಉಪಾಯವಿದೆ. ಮುಂದಿನ ಗಾಲಿಗಳನ್ನು ನೆಲದಿಂದ ಎತ್ತಿ, ನೇರ ಮಾಡಿ, ಚಕ್ರದ ನೆತ್ತಿಗೆ ಒಂದು ತುಂಡು ಟೇಪ್ ಅಂಟಿಸಿ. ಎಡಕ್ಕೆ ಕೊನೆಯವರೆಗೆ ಎಷ್ಟು ಸುತ್ತು, ಬಲಕ್ಕೆ ಎಷ್ಟು ಸುತ್ತು ಎಂದು ಎಣಿಸಿ. ಎರಡೂ ಸರಿಸಮ ಬಂದರೆ ಆರ್ಮ್ ಸರಿಯಾಗಿದೆ, ಸ್ಟೀರಿಂಗ್ ಚಕ್ರವನ್ನು ಮಾತ್ರ ತಪ್ಪು ಹಲ್ಲಿಗೆ ಕೂರಿಸಿದ್ದಾರೆ. ಕಿತ್ತು ಸರಿಯಾಗಿ ಕೂರಿಸಿದರೆ ಮುಗಿಯಿತು. ಒಂದು ಬದಿ ಎದ್ದುಕಾಣುವಷ್ಟು ಕಡಿಮೆ ಬಂದರೆ ಆರ್ಮನ್ನೇ ಸಂಶಯಿಸಿ. ಬಾಕ್ಸ್ ನಡುವಿನಲ್ಲಿದ್ದಾಗ ಡ್ರಾಪ್ ಆರ್ಮ್ ಮತ್ತು ಎದುರಿನ ಐಡ್ಲರ್ ಆರ್ಮ್ ಒಂದಕ್ಕೊಂದು ಸಮಾಂತರವಾಗಿರಬೇಕು. ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿದರೆ ಕಣ್ಣಿಗೇ ತಿಳಿಯುತ್ತದೆ.

ಇಲ್ಲಿ ಒಂದು ಅಡ್ಡದಾರಿ ಇದೆ, ಅದನ್ನು ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ: ‘ವೀಲ್ ಅಲೈನ್‌ಮೆಂಟ್ ಮಾಡಿಸಿ, ಚಕ್ರ ನೇರ ಆಗುತ್ತದೆ.’ ಆಗುತ್ತದೆ, ಅದೇ ತೊಂದರೆ. ಗಾಲಿಗಳನ್ನು ತಿರುಗಿಸುವ ಟೈ ರಾಡುಗಳನ್ನು ಒಂದು ಉದ್ದ ಒಂದು ಗಿಡ್ಡ ಮಾಡಿ ಚಕ್ರವನ್ನು ನೇರ ಕಾಣಿಸುತ್ತಾರೆ, ಬಾಕ್ಸ್ ಒಳಗಿನ ಓರೆ ಹಾಗೇ ಉಳಿಯುತ್ತದೆ, ಮುಂದೆ ನೋಡಿದವನಿಗೆ ಸುಳಿವೂ ಸಿಗುವುದಿಲ್ಲ. ಬಾಕ್ಸ್ ನಡುವಿಗೆ ಬಂದಿದೆ ಎಂದು ಖಚಿತವಾದ ಮೇಲೆಯೇ ಅಲೈನ್‌ಮೆಂಟ್.

ಈಗ ಮುಖ್ಯ ಪರೀಕ್ಷೆ. ಇದಕ್ಕೆ ಬಿಡುವಿನ ಒಂದು ಬೆಳಿಗ್ಗೆ ಬೇಕು. ಹಿಂದಿನ ಗಾಲಿಗಳಿಗೆ ಕಲ್ಲು ಕೊಡಿ, ಮುಂಭಾಗವನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕಿ ನಂಬಿ, ಅಥವಾ ಕೆಂಪುಕಲ್ಲು ಒಟ್ಟಿ ಅದರ ಮೇಲೆ ಗಾಡಿ ನಿಲ್ಲಿಸಿ, ಕೆಳಗೆ ತೂರಬೇಡಿ. ಮುರಕಲ್ಲು ಭಾರ ಬಿದ್ದಾಗ ಹೇಳದೆ ಒಡೆಯುತ್ತದೆ. ಡ್ರಾಪ್ ಆರ್ಮಿನಿಂದ ರಾಡಿನ ಬಾಲ್ ಜಾಯಿಂಟ್ ಬಿಡಿಸಿ. ಸ್ಪ್ಲಿಟ್ ಪಿನ್ ತೆಗೆದು, ನಟ್ಟನ್ನು ಕೆಲವು ಸುತ್ತು ಸಡಿಲಿಸಿ ತುದಿಯಲ್ಲೇ ಬಿಟ್ಟು, ಆರ್ಮಿನ ಕಣ್ಣಿನ ಒಂದು ಬದಿಗೆ ಭಾರದ ಸುತ್ತಿಗೆ ಆನಿಸಿ ಎದುರು ಬದಿಗೆ ಇನ್ನೊಂದು ಸುತ್ತಿಗೆಯಿಂದ ಚುರುಕಾಗಿ ಹೊಡೆಯಿರಿ. ಜಾಯಿಂಟ್ ‘ಟಕ್’ ಎಂದು ಬಿಡುತ್ತದೆ. ಕವಲು ಉಳಿ ತೂರಿಸಿ ಎಬ್ಬಿಸಿದರೆ ರಬ್ಬರ್ ಟೋಪಿ ಹರಿಯುತ್ತದೆ, ಮುಂದಿನ ಮಳೆಗಾಲಕ್ಕೆ ಆ ಜಾಯಿಂಟೂ ಹೋಗುತ್ತದೆ.

ಬಿಡಿಸಿದ ಮೇಲೆ ಎರಡು ಕಡೆ ಪರೀಕ್ಷಿಸಿ. ಕೆಳಗೆ, ಗಾಲಿಗಳನ್ನು ಕೈಯಿಂದ ಎಡಬಲಕ್ಕೆ ಹೊರಳಿಸಿ. ಅವು ಸಲೀಸಾಗಿ ಹೊರಳದಿದ್ದರೆ, ಗಾಲಿ ಎಡಬಲಕ್ಕೆ ತಿರುಗುವ ಕೀಲುಗಳಾದ ಕಿಂಗ್ ಪಿನ್‌ಗಳೋ ಐಡ್ಲರ್ ಆರ್ಮೋ ಹಿಡಿದಿವೆ. ಪದ್ಮಿನಿಯ ಕಿಂಗ್ ಪಿನ್ ಗ್ರೀಸ್ ಗನ್ ಕಾಣದೆ ವರ್ಷ ಕಳೆದರೆ ಬಿಗಿಯುವುದು ಹೊಸತಲ್ಲ. ನಿಪ್ಪಲ್ಲಿನಲ್ಲಿ ಹೊಸ ಗ್ರೀಸ್ ಒತ್ತಿ ಹಳೆಯದು ಅಂಚಿನಿಂದ ಹೊರಬರುವವರೆಗೆ ನೋಡಿ. ಆಮೇಲೆ ಮೇಲೆ, ಸ್ಟೀರಿಂಗ್ ಚಕ್ರವನ್ನು ಎರಡು ಬೆರಳಿನಿಂದ ತಿರುಗಿಸಿ. ಕೊನೆ ಮುಟ್ಟಿದಾಗ ಗುದ್ದಬೇಡಿ, ಮೆಲ್ಲಗೆ ನಿಲ್ಲಿಸಿ. ರಾಡು ಬಿಡಿಸಿದ ಮೇಲೂ ಬಿಗಿ ಇದ್ದರೆ ಕಾಲಂ ಅಥವಾ ಬಾಕ್ಸ್. ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು: ಚಕ್ರದ ಅಂಚಿಗೆ ಕೊಕ್ಕೆ ಸಿಕ್ಕಿಸಿ ಎಳೆಯುತ್ತಾ ಮುಳ್ಳು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಬರೆದುಕೊಳ್ಳಿ. ಕೈಯ ಅಂದಾಜು ಮೋಸ ಮಾಡುತ್ತದೆ.

ಬಿಗಿ ಎಲ್ಲಿದೆ ಎನ್ನುವುದರಷ್ಟೇ ಅದು ಯಾವ ಬಗೆಯದು ಎನ್ನುವುದೂ ಮುಖ್ಯ. ಪ್ರತಿ ಸುತ್ತಿಗೆ ಒಂದು ಸಲ, ಚಕ್ರದ ಕಡ್ಡಿ ಅದೇ ಜಾಗಕ್ಕೆ ಬಂದಾಗಲೆಲ್ಲ ಬಿಗಿಯಾದರೆ ಶಾಫ್ಟ್ ಸೊಟ್ಟಗಿದೆ. ಆರಂಭದಿಂದ ಕೊನೆಯವರೆಗೆ ಒಂದೇ ಸಮ ಬಿಗಿಯಾದರೆ ಬುಷ್ ಹಿಡಿದಿದೆ, ಅಥವಾ ಕಾಲಂನ್ನು ಎಳೆದು ಬಿಗಿದಿದ್ದಾರೆ. ನಡುವಿನಲ್ಲಿ ಹಗುರ, ಎರಡು ಬದಿಗೆ ಹೋದಂತೆ ಬಿಗಿ ಎಂದಾದರೆ ಮಾತ್ರ ಬಾಕ್ಸ್ ನಿಜವಾಗಿ ಸವೆದಿದೆ: ನಡುವಿನ ಹಲ್ಲು ಸವೆದದ್ದನ್ನು ಸ್ಕ್ರೂ ಬಿಗಿದು ಮುಚ್ಚಲು ಹೋದವರ ಗುರುತು ಅದು. ತಿರುಗಿಸುವಾಗ ಮರಳಿನ ಮೇಲೆ ಉರುಳಿದಂತೆ ಕರಕರ ಎನಿಸಿದರೆ ವರ್ಮ್‌ನ ಬೇರಿಂಗ್ ಪೆಟ್ಟು ತಿಂದಿದೆ. ಸ್ಟೀರಿಂಗ್ ಚಕ್ರ ಬಿಡದಿದ್ದಾಗ ಶಾಫ್ಟಿನ ನೆತ್ತಿಗೆ ಸುತ್ತಿಗೆಯಿಂದ ಬಡಿಯುವವರು ಇದ್ದಾರೆ. ಆ ಪೆಟ್ಟು ನೇರ ಇಳಿಯುವುದು ಬೇರಿಂಗಿಗೆ. ಹಾರ್ನ್ ಗುಂಡಿ ತೆಗೆದು ಶಾಫ್ಟಿನ ತುದಿ ನೋಡಿ. ಆಟೆಗಳು (ನಟ್ಟು ಕೂರುವ ಸುರುಳಿ ಗೆರೆಗಳು) ನಜ್ಜಾಗಿ ಅಂಚು ಅಣಬೆಯಾಗಿದ್ದರೆ ಹೇಗೆ ಕಿತ್ತರು ಎಂದು ಕೇಳುವ ಅಗತ್ಯವೇ ಇಲ್ಲ. ಚಕ್ರ ಕೀಳಲು ಪುಲ್ಲರ್ ಬಳಸಬೇಕು, ನಟ್ಟನ್ನು ಎರಡು ಆಟೆ ಉಳಿಸಿಯೇ ಎಳೆಯಬೇಕು. ಇಲ್ಲವಾದರೆ ಚಕ್ರ ಬಿಟ್ಟ ರಭಸಕ್ಕೆ ಎಳೆದವರ ಹಲ್ಲಿಗೇ ಬರುತ್ತದೆ.

ನಿಮ್ಮದು ಎರಡನೆಯ ಬಗೆ ಎಂದೇ ನನ್ನ ಎಣಿಕೆ. ಹಾಗಿದ್ದರೆ ಬುಷ್ಷೋ ಎಳೆತವೋ ಎಂದು ತಿಳಿಯಲು ಡ್ಯಾಶ್ ಕೆಳಗಿನ ಬ್ರಾಕೆಟ್ಟಿನ ಬೋಲ್ಟುಗಳನ್ನು ಸಡಿಲಿಸಿ. ಸಡಿಲಿಸಿದ ಕೂಡಲೇ ಕಾಲಂ ಒಂದು ಬದಿಗೆ ಹಾರಿ ನಿಂತರೆ, ಅದು ಇಷ್ಟು ದಿನ ಎಳೆತದಲ್ಲಿತ್ತು ಎಂದರ್ಥ. ಈಗ ಚಕ್ರ ತಿರುಗಿಸಿ. ಹಗುರವಾದರೆ ಕಾರಣ ಸಿಕ್ಕಿತು. ಆಗಲೂ ಬಿಗಿ ಇದ್ದರೆ ನೈಲಾನ್ ಬುಷ್ ಹೊರತೆಗೆದು ಮತ್ತೆ ತಿರುಗಿಸಿ. ನಿಮ್ಮಲ್ಲಿ ಎರಡೂ ಇರುವ ಸಂಭವವೇ ಹೆಚ್ಚು.

ಮರಳಿ ಬಿಗಿಯುವ ಕ್ರಮ ಅದಲುಬದಲಾಗಬಾರದು. ಬಾಕ್ಸ್ ಬಾಡಿಗೆ ಕೂರುವ ಬೋಲ್ಟುಗಳನ್ನೂ ಮೇಲಿನ ಬ್ರಾಕೆಟ್ಟಿನ ಬೋಲ್ಟುಗಳನ್ನೂ ಕೈಬಿಗಿಯಷ್ಟಕ್ಕೆ ತನ್ನಿ. ಚಕ್ರವನ್ನು ಎರಡು ಕೊನೆಯವರೆಗೆ ಕೆಲವು ಸಲ ಓಡಿಸಿ. ಕಾಲಂ ತನ್ನ ಜಾಗ ತಾನೇ ಹುಡುಕಿಕೊಳ್ಳಲಿ. ಬಳಿಕ ಬಾಕ್ಸ್‌ನ ಬೋಲ್ಟುಗಳನ್ನು ಪೂರ್ತಿ ಬಿಗಿಯಿರಿ. ಮೇಲಿನ ಬ್ರಾಕೆಟ್ ಕೊನೆಗೆ. ಬ್ರಾಕೆಟ್ಟಿಗೂ ಕಾಲಂಗೂ ನಡುವೆ ಸಂದು ಉಳಿದರೆ ತೆಳು ತಗಡಿನ ಷಿಮ್ ಕೊಟ್ಟು ತುಂಬಿಸಿ, ಬೋಲ್ಟಿನಿಂದ ಎಳೆದು ಮುಚ್ಚಬೇಡಿ. ಪ್ರತಿ ಬೋಲ್ಟ್ ಬಿಗಿದ ಮೇಲೂ ಚಕ್ರ ತಿರುಗಿಸಿ ನೋಡುತ್ತಾ ಹೋಗಿ. ಯಾವ ಬೋಲ್ಟಿಗೆ ಬಿಗಿಯಾಯಿತೋ ತಪ್ಪು ಅಲ್ಲೇ.

ಬ್ರಾಕೆಟ್ ಕೂತಿರುವ ತಗಡನ್ನೂ ಚುಚ್ಚಿ ನೋಡಿ. ಮುಂಗಾಜಿನ ರಬ್ಬರ್ ಒಣಗಿದ ಪದ್ಮಿನಿಗಳಲ್ಲಿ ನೀರು ಡ್ಯಾಶಿನ ಹಿಂದಿನಿಂದ ಇಳಿದು ಸರಿಯಾಗಿ ಅಲ್ಲಿಗೇ ಬರುತ್ತದೆ. ಕಡಲಿಗೆ ಕೂಗಳತೆಯ ಕಾಪುವಿನಲ್ಲಿ ಉಪ್ಪುಗಾಳಿಯೂ ಸೇರಿಕೊಳ್ಳುತ್ತದೆ. ಸ್ಕ್ರೂಡ್ರೈವರ್ ತುದಿ ಒಳಹೊಕ್ಕರೆ ಮೊದಲು ತಗಡಿನ ಕೆಲಸ, ಆಮೇಲೆ ಸ್ಟೀರಿಂಗ್. ತಗಡಿಗೆ ವೆಲ್ಡಿಂಗ್ ಮಾಡಿಸಬಹುದು. ಡ್ರಾಪ್ ಆರ್ಮಿಗೆ, ಶಾಫ್ಟಿಗೆ, ರಾಡುಗಳಿಗೆ ವೆಲ್ಡಿಂಗ್ ಬೆಂಕಿ ಸೋಕಿಸಲು, ಕಾಯಿಸಿ ಬಾಗಿಸಲು ಯಾರೇ ಹೇಳಿದರೂ ಬಿಡಬೇಡಿ. ಅವು ಸೊಟ್ಟಗಾದರೆ ಬದಲಿಸುವುದೊಂದೇ ದಾರಿ.

ಹಾರ್ನಿನದು ಸಣ್ಣ ಸಂಗತಿ. ಈ ಕಾಲದ ಗಾಡಿಗಳಲ್ಲಿ ಗುಂಡಿ ಒತ್ತಿದಾಗ ಆಗುವುದು ಇಷ್ಟೇ, ತಂತಿಗೆ ಅರ್ತ್ ಸಿಗುತ್ತದೆ. ತಂತಿಯ ಸಿಪ್ಪೆ ಸುಲಿದು ಕಾಲಂನ ಕಬ್ಬಿಣಕ್ಕೆ ತಾಗಿದರೆ ಹಾರ್ನಿಗೆ ಅದೂ ಒತ್ತಿದ್ದೇ. ಬುಷ್ ಹಾಕುವಾಗ ತಂತಿ ಸಿಕ್ಕಿಕೊಂಡಿರಬೇಕು. ಬ್ಯಾಟರಿ ಕಳಚಿ, ಚಕ್ರ ತೆಗೆದು, ತಂತಿಯ ಪೂರ್ತಿ ಉದ್ದ ನೋಡಿ; ಟೇಪ್ ಸುತ್ತುವ ಬದಲು ತಂತಿಯನ್ನೇ ಬದಲಿಸಿ. ಕಾಲಂ ನೆಟ್ಟಗಾದ ಮೇಲೂ ಗೇರ್ ತಡೆದರೆ ಗೇರ್ ರಾಡಿನ ಹೊಂದಾಣಿಕೆ ನೋಡಿದರಾಯಿತು, ಮೊದಲೇ ಕೈಹಾಕಬೇಡಿ.

ಉಳಿದದ್ದು ಬಾಕ್ಸ್ ಮೇಲಿನ ಸ್ಕ್ರೂ. ಅದನ್ನು ಎಲ್ಲ ಮುಗಿದ ಮೇಲೆ, ರಾಡು ಬಿಡಿಸಿದ ಸ್ಥಿತಿಯಲ್ಲೇ, ಬಾಕ್ಸ್ ನಡುವಿನಲ್ಲಿರುವಾಗ ಮುಟ್ಟಬೇಕು. ಲಾಕ್ ನಟ್ ಸಡಿಲಿಸಿ, ಪ್ಲೇ ಹೋಗುವಷ್ಟು ಮಾತ್ರ ಬಿಗಿಯಿರಿ, ಚಕ್ರವನ್ನು ಎರಡು ಕೊನೆಗೂ ಓಡಿಸಿ. ಎಲ್ಲಿಯಾದರೂ ಹಿಡಿದರೆ ಕಾಲು ಸುತ್ತಿಗಿಂತ ಕಡಿಮೆ ಹಿಂದಕ್ಕೆ. ಈ ವಯಸ್ಸಿನ ಬಾಕ್ಸ್‌ನಲ್ಲಿ ನೇರದಲ್ಲಿ ಒಂದಿಷ್ಟು ಪ್ಲೇ ಉಳಿಯುತ್ತದೆ, ಉಳಿಯಲಿ. ಬಾಕ್ಸ್ ಒಳಗೆ ಏನು ತುಂಬಿದ್ದಾರೆ ಎಂದೂ ನೋಡಿ. ಸೀಲ್ ಸೋರುವ ಗಾಡಿಗಳಿಗೆ ಗ್ರೀಸ್ ತುರುಕುವ ರೂಢಿ ಇದೆ. ಗ್ರೀಸನ್ನು ವರ್ಮ್ ಒಮ್ಮೆ ಪಕ್ಕಕ್ಕೆ ತಳ್ಳಿದರೆ ಅದು ಅಲ್ಲೇ ಗೋಡೆಗೆ ಅಂಟಿ ಕೂರುತ್ತದೆ, ಹಲ್ಲುಗಳು ಒಣಗುತ್ತವೆ. ಗ್ರೀಸ್ ಕಂಡರೆ ತೊಳೆದು 90 ನಂಬರಿನ ಗೇರ್ ಆಯಿಲ್ ಹಾಕಿ. ಹೊಸ ಸೀಲ್ ಇದೆಯಲ್ಲ, ಸೋರಬಾರದು; ಸೋರಿದರೆ ಅಡ್ಡ ಶಾಫ್ಟಿನ ಬುಷ್ ಸವೆದು ಶಾಫ್ಟ್ ಸೀಲಿನೊಳಗೆ ಓಲಾಡುತ್ತಿದೆ. ಆಗ ನಿಮ್ಮ ಮೆಕ್ಯಾನಿಕ್ ಹೇಳುವ ಬಾಕ್ಸ್ ಕೆಲಸಕ್ಕೆ ಅರ್ಥ ಬರುತ್ತದೆ. ಆಗಲೂ ಬುಷ್ ಬದಲಿಸಿದರೆ ಸಾಕಾಗುವುದೇ ಹೆಚ್ಚು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು. ಈಗ ಅಲ್ಲಿಂದ ಬರುವ ಬಾಕ್ಸ್ ಎಂದರೆ ಬಹುಪಾಲು ಹಗಲುರಾತ್ರಿ ದುಡಿದ ಟ್ಯಾಕ್ಸಿಯದ್ದು, ನಿಮ್ಮ ತಂದೆಯವರು ಜೋಪಾನವಾಗಿ ಓಡಿಸಿದ ಗಾಡಿಯದ್ದಕ್ಕಿಂತ ಅದು ಮೇಲು ಎನ್ನುವ ಭರವಸೆ ಏನಿದೆ?

ಆಗುಂಬೆಯ ವಿಚಾರ: ಸೋಮೇಶ್ವರದಿಂದ ಮೇಲೆ ಹದಿನಾಲ್ಕು ಹಿಮ್ಮುರಿ ತಿರುವುಗಳಿವೆ, ಒಂದೊಂದರಲ್ಲೂ ಸ್ಟೀರಿಂಗ್ ಕೊನೆಯವರೆಗೆ ಹೋಗಿ ತಾನೇ ಮರಳಬೇಕು. ಅಲ್ಲಿಗೆ ಮೊದಲು ಮಣಿಪಾಲದ ಏರಿನಲ್ಲಿ ಹತ್ತಿಳಿದು ನೋಡಿ. ತಿರುವಿನಲ್ಲಿ ಕೈ ಸಡಿಲಿಸಿದಾಗ ಚಕ್ರ ಬೆರಳುಗಳ ನಡುವೆ ಜಾರುತ್ತಾ ನೇರಕ್ಕೆ ಬರಬೇಕು. ಆಮೇಲೆ ಊರೊಳಗೆ ಒಂದು ವಾರ ಓಡಿಸಿ, ಬಾಕ್ಸ್‌ನ ಬೋಲ್ಟು, ಬ್ರಾಕೆಟ್, ಡ್ರಾಪ್ ಆರ್ಮಿನ ನಟ್ಟು ಮೂರಕ್ಕೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ. ಬಾಲ್ ಜಾಯಿಂಟಿನ ಸ್ಪ್ಲಿಟ್ ಪಿನ್ ಹೊಸದೇ ಇರಲಿ. ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಬಾಗಿಸಿದರೆ ಪಿನ್ನಿನ ಕಾಲು ಮುರಿಯುತ್ತದೆ.